ಬಾಗಿಲ ಮೇಲಿನ ಮೂರು ಗೆರೆ

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆತು." ಊಟ ಸಾಕಾದರೂ ಆತು, ಇನ್ನೊಂದು ರೊಟ್ಟಿ ಬೇಕಾದರೂ ಆತು, ನನ್ನ ಮೇಲೆ ಸಿಟ್ಟು ಬಂದರೂ ಆತು. ದನಿಯ ಏರಿಳಿತ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವ್ವ ಒಂದು ವಾರದಲ್ಲಿ ಕಲಿತಳು. ನನಗೆ ಎರಡು ತಿಂಗಳು ಬೇಕಾಯಿತು.

ಆ ಮಾತೇ ಯಾಕೆ ಉಳಿಯಿತು ಎಂದು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ನಮಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಪ್ಪನದು ಸೀರೆ ವ್ಯಾಪಾರ. ನಾರಾಯಣಪೇಟೆಯ, ಗದ್ವಾಲದ ನೇಕಾರರ ಮನೆಗಳಿಗೆ ಹೋಗಿ, ಮಗ್ಗದಿಂದ ಇಳಿದ ಸೀರೆ ಕೊಂಡು, ರಾಯಚೂರಿನ ಅಂಗಡಿಗಳಿಗೆ ಹಾಕುತ್ತಿದ್ದ. ಸೀರೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು, ಅಂಚನ್ನು ಬೆರಳಿಗೆ ಸುತ್ತಿ ನೋಡಿ, "ಆತು" ಅನ್ನುತ್ತಿದ್ದ. ಅಂದ ಮೇಲೆ ಮುಗಿಯಿತು, ಮತ್ತೆ ಚೌಕಾಸಿ ಇಲ್ಲ. ಇಡೀ ಜನ್ಮ ಆ ಮಾತಿನ ಮೇಲೆ ನಿಂತಿದ್ದ ಮನುಷ್ಯ. ಉಳಿದ ಮಾತೆಲ್ಲ ಬಿಟ್ಟುಹೋದರೂ ಅದು ಹೋಗಲಿಲ್ಲ.

ಮಾತು ಹೋದದ್ದನ್ನು ಅಪ್ಪ ಹೇಗೋ ನುಂಗಿಕೊಂಡ. ಅವನು ನುಂಗಲಾರದೆ ಹೋದದ್ದು ಬಲಗೈ ಬಿದ್ದದ್ದನ್ನು.

ನಮ್ಮ ಮನೆಯಲ್ಲಿ ಸ್ನಾನವಾದ ಮೇಲೆ ಮೊದಲ ಕೆಲಸ ವಿಭೂತಿ. ಗಟ್ಟಿಯನ್ನು ನೀರಲ್ಲಿ ತೇದು ಮೂರು ಬೆರಳಿಂದ ಹಣೆಗೆ ಎಳೆದುಕೊಂಡ ಮೇಲೆಯೇ ಚಹಾ. ನಾನು ಚಿಕ್ಕವಳಿದ್ದಾಗ ಶಾಲೆಗೆ ಹೊರಡುವ ಮೊದಲು ಅಪ್ಪನ ಮುಂದೆ ನಿಲ್ಲುತ್ತಿದ್ದೆ, ಅವನೇ ಹಚ್ಚುತ್ತಿದ್ದ. ನಾನು ಹುಟ್ಟಾ ಎಡಚಿ. ಒಮ್ಮೆ ಅವಸರಕ್ಕೆ ಎಡಗೈಯನ್ನೇ ವಿಭೂತಿ ಬಟ್ಟಲಿಗೆ ಹಾಕಿದಾಗ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. "ಇದು ನೀರು ತುಂಬೋ ಕೈ, ಅದು ಶಿವನ ಕೈ" ಅಂದ. ಬರೆಯುವುದು, ಬಡಿಸುವುದು, ಮಕ್ಕಳ ಬೆನ್ನಿಗೆ ಗುದ್ದುವುದು ಎಲ್ಲವನ್ನೂ ನಾನು ಇವತ್ತಿಗೂ ಎಡಗೈಯಲ್ಲೇ ಮಾಡುತ್ತೇನೆ. ವಿಭೂತಿ ಮಾತ್ರ ಬಲಗೈಯಲ್ಲಿ.

ಅಂಥ ಅಪ್ಪನ ಶಿವನ ಕೈಯೇ ತೊಡೆಯ ಮೇಲೆ ಸತ್ತ ಹಕ್ಕಿಯಂತೆ ಬಿದ್ದುಕೊಂಡಿತು. ಎಡಗೈ ಚೆನ್ನಾಗಿಯೇ ಇತ್ತು, ಅದರಿಂದ ಊಟ ಮಾಡುವುದನ್ನು ಒಲ್ಲದ ಮನಸ್ಸಿನಿಂದ ಕಲಿತ. ಆದರೆ ವಿಭೂತಿಗೆ ಎಡಗೈ ಎತ್ತಲಿಲ್ಲ. ಅವ್ವನೇ ದಿನಾ ಬೆಳಿಗ್ಗೆ ಸಂಜೆ ಹಚ್ಚುತ್ತಿದ್ದಳು. ಹಚ್ಚುವಾಗ ಅಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹಚ್ಚಿದ ಕೂಡಲೇ ಗೋಡೆಯ ಕಡೆ ಹೊರಳುತ್ತಿದ್ದ. ಕಟ್ಟೆಗೆ ಬರುವುದನ್ನು ಬಿಟ್ಟ. ಗೆಳೆಯರು ಬಂದರೆ ನಿದ್ದೆ ಮಾಡಿದಂತೆ ನಟಿಸಿದ. ರಾಯಚೂರಿನ ಡಾಕ್ಟರು, "ಕೈ ಬರಬೇಕಂದ್ರ ಅವ್ರ ಮನಸು ಬರಬೇಕು. ದಿನಾ ಆಡಸ್ರಿ. ತಡಾ ಆದಷ್ಟೂ ಕಷ್ಟ ಆಗ್ತೈತಿ" ಅಂದಿದ್ದರು. ಹಿಸುಕಲೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಎಡಗೈಯಿಂದ ಕಿಟಕಿಯಾಚೆ ಎಸೆದ. ಪಕ್ಕದ ಮನೆಯವರು ತಂದುಕೊಟ್ಟರು. ಮತ್ತೆ ಎಸೆದ. ಎಡಗೈಯ ಗುರಿ ದಿನದಿಂದ ದಿನಕ್ಕೆ ಚೆನ್ನಾಗಿ ಆಗುತ್ತಿತ್ತೇ ಹೊರತು ಬಲಗೈಗೆ ಏನೂ ಆಗಲಿಲ್ಲ.

ನಾನು ನಮ್ಮ ಊರಾದ, ತೆಲಂಗಾಣದ ಮಕ್ತಲ್‌ನಲ್ಲೇ ಸರಕಾರಿ ಶಾಲೆಯ ಲೆಕ್ಕದ ಟೀಚರು. ನಮ್ಮ ಮನೆ ತವರಿನಿಂದ ಎರಡು ಓಣಿ ಆಚೆ. ನನ್ನ ಗಂಡನದು ಮೋಟರು ರಿವೈಂಡಿಂಗ್ ಅಂಗಡಿ. ಹೊಲದ ಪಂಪಿನ ಮೋಟರು ಸುಟ್ಟವರೆಲ್ಲ ಅವನ ಹತ್ತಿರ ಬರುತ್ತಾರೆ. ಅವನು ಸಮಾಧಾನದ ಮನುಷ್ಯ, ನಾನಲ್ಲ. ನನ್ನ ಬಾಯಿ ಎಂಥದು ಎನ್ನುವುದು ನನ್ನ ಕೈಯಲ್ಲಿ ಓದಿದವರಿಗೆಲ್ಲ ಗೊತ್ತು, ಮುಂದೆ ನಿಮಗೂ ಗೊತ್ತಾಗುತ್ತದೆ.

ಅಪ್ಪನ ಕಾರು ಅಂಗಳದ ಬೇವಿನ ಮರದ ಕೆಳಗೆ ನಿಂತು ಬಹಳ ವರ್ಷವಾಗಿತ್ತು. ದುಂಡು ಬೆನ್ನಿನ, ಸ್ಟೇರಿಂಗಿನ ಪಕ್ಕದಲ್ಲೇ ಗೇರು ಇರುವ ಹಳೆಯ ಕಾರು. ಒಂದು ಕಾಲಕ್ಕೆ ನಮ್ಮ ಕಡೆ ಕಾರು ಎಂದರೆ ಅದೊಂದೇ ಆಗಿದ್ದರಿಂದ ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಹಿಂದಿನ ಸೀಟಿನ ತುಂಬ ಬಿಳಿ ಬಟ್ಟೆಯಲ್ಲಿ ಕಟ್ಟಿದ ಸೀರೆ ಗಂಟುಗಳು, ಅವುಗಳ ನಡುವೆ ಸಂದಿ ಮಾಡಿಕೊಂಡು ಕೂತ ನಾನು: ನನ್ನ ಬಾಲ್ಯ ಎಂದರೆ ಇಷ್ಟೇ. ವ್ಯಾಪಾರ ಬಿಟ್ಟ ಮೇಲೆ ಅಪ್ಪ ಕಾರಿನ ಮೇಲೆ ತಾಡಪಾಲು ಹೊದಿಸಿಟ್ಟ. ಬಿಸಿಲು ಬೀಳಬಾರದೆಂದು ಹೊದಿಸಿದ ತಾಡಪಾಲು ಮಳೆಯ ತೇವವನ್ನು ಒಳಗೇ ಹಿಡಿದುಕೊಂಡು, ಕಾರನ್ನು ಮೆಲ್ಲಗೆ ತಿನ್ನತೊಡಗಿತು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಗುಜರಿಯವನು ಗೇಟಿನ ಹತ್ತಿರ ನಿಂತು, "ಹಳೇ ಕಾರು ಕೊಡ್ತೀರೇನ್ರಿ?" ಎಂದು ಕೂಗಿದ. ಯಾರೂ ಉತ್ತರಿಸುವ ಮೊದಲೇ ಒಳಗಿನ ಮಂಚದಿಂದ "ಆತು!" ಎಂಬ ಗುಡುಗು ಬಂತು. ಪಾಪ, ಅವನು ವ್ಯಾಪಾರ ಕುದುರಿತೆಂದು ಹಗ್ಗ ತರಲು ಹೊರಟಿದ್ದ. ಅವ್ವ ಸೆರಗು ಸಿಕ್ಕಿಸಿಕೊಂಡು ಬೀದಿಯ ತನಕ ಓಡಿ ಅವನನ್ನು ತಡೆಯಬೇಕಾಯಿತು. ಒಳಗೆ ಹೋಗಿ ನೋಡಿದರೆ ಅಪ್ಪ ಎಡಗೈ ಊರಿ ಎದ್ದು ಕೂತಿದ್ದ. ಮುಖ ಕೆಂಪಾಗಿತ್ತು. ಅಷ್ಟು ತಿಂಗಳಲ್ಲಿ ಅವನಿಗೆ ಏನಾದರೂ ಬೇಕು ಅನ್ನಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕಾರಿನ ಜಂಗು ತಗದು ಬಣ್ಣಾ ಹೊಡೀತೀನಿ" ಎಂದು ಅವತ್ತು ಸಂಜೆ ಗಂಡನಿಗೆ ಹೇಳಿದೆ. ತುಕ್ಕಿಗೆ ನಮ್ಮ ಕಡೆ ಜಂಗು ಅನ್ನುತ್ತೇವೆ.

"ಟೀಚರಮ್ಮಾರು ಭಿಂಡಿ ಪಲ್ಯ ಹೊತ್ತಸ್ತೀರಿ, ಕಾರಿಗೆ ಬಣ್ಣಾ ಹೊಡೀತೀರಾ?" ಅಂದ.

"ಹೊತ್ತಿದ ಪಲ್ಯ ತಿಂದು ಬದುಕೀರಲ್ಲ, ಕಾರೂ ಬದುಕ್ತೈತಿ."

"ಹಂಗಾದ್ರ ಮೈ ನಿಂದು, ಎಂಜಿನ್ ನಂದು" ಎಂದು ಒಪ್ಪಿಕೊಂಡ.

ಬೇಸಿಗೆ ರಜೆ ಶುರುವಾಗಿತ್ತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ತಾಡಪಾಲು ತೆಗೆದ ದಿನವೇ ಅಪ್ಪನ ಕುರ್ಚಿಯನ್ನು ಮರದ ಕೆಳಗೆ, ಡ್ರೈವರ್ ಬಾಗಿಲ ಪಕ್ಕದಲ್ಲಿ ಹಾಕಿದೆವು. ಬರುವುದಿಲ್ಲ ಎಂದು ಹಠ ಹಿಡಿಯುತ್ತಾನೆ ಎಂದುಕೊಂಡಿದ್ದೆ. ನನ್ನ ಗಂಡ "ಮಾವಾರ, ಇವಳೊಬ್ಬಳನ್ನೇ ಬಿಟ್ರ ಕಾರು ಉಳಿಯಂಗಿಲ್ರಿ" ಅಂದದ್ದೇ ತಡ, ಎಡಗೈ ಚಾಚಿದ. ಅವನನ್ನು ಹಿಡಿದು ಅಂಗಳಕ್ಕೆ ತಂದೆವು. ಆಮೇಲೆ ದಿನಾ ಬಂದ.

ತುಕ್ಕಿನ ಗುಣ ಮೊದಲ ವಾರದಲ್ಲೇ ತಿಳಿಯಿತು. ಮೇಲೆ ಥಳಕು, ಒಳಗೆ ಹುಳುಕು. ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಾಣುತ್ತದೆ, ಕೆರೆದರೆ ಅಂಗೈಯಗಲ ಹುಣ್ಣು. ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಯಿತು. ಮೊದಲು ತಂತಿಯ ಬ್ರಷ್ಷು, ಆಮೇಲೆ ಒರಟು ಉಪ್ಪುಕಾಗದ, ಆಮೇಲೆ ನುಣುಪಿನದು. ತೂತು ಬಿದ್ದ ಕಡೆ ಹೊಸ ತಗಡು ಹಾಕಿಸಲು ನಾರಾಯಣಪೇಟೆಯಿಂದ ವೆಲ್ಡಿಂಗಿನವರು ಬಂದರು. ನಾಲ್ಕು ಕಡೆ ತೇಪೆ ಹಾಕಿ, "ಉಳಿದದ್ದು ನೀವು ಉಜ್ಜಿದಷ್ಟು" ಎಂದು ಹೋದರು. ಸರಿ, ಉಜ್ಜಿದೆ. ಬೆರಳ ತುದಿಯ ಚರ್ಮ ಎಷ್ಟು ಸವೆಯಿತೆಂದರೆ ನನ್ನ ಫೋನು ನನ್ನ ಬೆರಳನ್ನು ಗುರುತಿಸುವುದನ್ನೇ ಬಿಟ್ಟಿತು.

ಅಪ್ಪ ಕುರ್ಚಿಯಲ್ಲಿ ಕೂತು ಎಡಗೈ ಬೆರಳು ತೋರಿಸುತ್ತಿದ್ದ. ನಾನು ಮುಗಿಯಿತೆಂದು ಬೆವರು ಒರೆಸಿಕೊಂಡರೆ "ಆತು?" ಎಂದು ಎಳೆದು ಕೇಳುತ್ತಿದ್ದ. ಅದು ಸುಳ್ಳು ಹೇಳುವ ವ್ಯಾಪಾರಿಯನ್ನು ಕೇಳುವ ಆತು. ಅವನು ಬೆರಳಿಟ್ಟು ತೋರಿಸಿದ ಮೂಲೆಯಲ್ಲಿ ಉಗುರು ಹಾಕಿದರೆ ಅಲ್ಲಿ ತುಕ್ಕು ಇರುತ್ತಿತ್ತು. ಎಲ್ಲಿ ಮಣ್ಣು ಕೂರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎನ್ನುವುದು ತೊಳೆದವನಿಗೆ ಗೊತ್ತು. ಒಮ್ಮೊಮ್ಮೆ ಬೇಕೆಂದೇ ಉಪ್ಪುಕಾಗದದ ಚೂರನ್ನು ಅವನ ಬಲಗೈಯಲ್ಲಿ ಇಟ್ಟು, "ಯಪ್ಪಾ, ಇಷ್ಟ ಉಜ್ಜು" ಅನ್ನುತ್ತಿದ್ದೆ. ಕಾಗದ ತೊಡೆಯಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಅಪ್ಪ ಬೇರೆ ಕಡೆ ನೋಡುತ್ತಿದ್ದ. ನಾನೂ ಬೇರೆ ಕಡೆ ನೋಡುತ್ತಿದ್ದೆ.

ನಡುವೆ ಅವ್ವನ ಹುಣಸೆಹಣ್ಣಿನ ಪ್ರಕರಣ ಆಯಿತು. ನಾನು ಒಂದು ದಿನ ಶಾಲೆಯ ಕೆಲಸಕ್ಕೆಂದು ಹೋಗಿದ್ದೆ. ಮಗಳು ಒಬ್ಬಳೇ ಸಾಯುತ್ತಾಳಲ್ಲ ಎಂದು ಅವ್ವನಿಗೆ ಕನಿಕರ. ದೇವರ ಸಾಮಾನು ತಿಕ್ಕುವ ಹುಣಸೆಹಣ್ಣು ನೆನೆಸಿ, ಒಂದಿಷ್ಟು ಉಪ್ಪು ಹಾಕಿ, ತೆಂಗಿನ ನಾರು ಹಿಡಿದು ಒಂದಿಡೀ ಮಡ್‌ಗಾರ್ಡನ್ನು ತಿಕ್ಕಿಬಿಟ್ಟಿದ್ದಳು. ಸಂಜೆ ಬಂದು ನೋಡಿದರೆ ಅದು ಹಬ್ಬದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. "ನೀ ಎಂಟು ದಿನಾ ಮಾಡೂದು ನಾ ಒಂದು ತಾಸಿನ್ಯಾಗ ಮಾಡೀನಿ" ಎಂದು ಅವ್ವ ಗಲ್ಲ ಎತ್ತಿ ಹೇಳಿದಳು. ನನಗೂ ಒಳಗೊಳಗೆ ಹೊಟ್ಟೆಕಿಚ್ಚಾಯಿತು. ಬೆಳಿಗ್ಗೆ ಎದ್ದು ಬಂದು ನೋಡಿದರೆ ಮಡ್‌ಗಾರ್ಡಿನ ತುಂಬ ಚಹಾದ ಬಣ್ಣ. ಹಿತ್ತಾಳೆಗೆ ಹಿತವಾದದ್ದು ಕಬ್ಬಿಣಕ್ಕೆ ವಿಷ. ಹುಳಿ, ಉಪ್ಪು, ತೇವ ಮೂರೂ ಸೇರಿ ರಾತ್ರಿಯೊಳಗೆ ಹೊಸ ತುಕ್ಕು ಎಬ್ಬಿಸಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವತ್ತು ನಾನು ಒಂದು ಕಾನೂನು ಮಾಡಿದೆ. ಉಜ್ಜಿ ಬರಿ ತಗಡು ಕಂಡ ಮೇಲೆ ಅದಕ್ಕೆ ಪ್ರೈಮರ್ ಬೀಳುವ ತನಕ ಯಾರೂ ಮುಟ್ಟುವಂತಿಲ್ಲ. ಒದ್ದೆ ಕೈಯಂತೂ ದೂರ, ಬೆವರಿನ ಕೈ ಕೂಡ ಇಡುವಂತಿಲ್ಲ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಅವ್ವ ಮೂತಿ ತಿರುವಿದಳು, ಅಪ್ಪ "ಆತು" ಅಂದ.

ಬಣ್ಣದ ಮಾತು ಬಂದಾಗ ಇನ್ನೊಂದು ರಾಮಾಯಣ. ಕಾರಿನ ಮೂಲ ಬಣ್ಣ ಕೆನೆಬಿಳಿ. ಆದರೆ ಬಣ್ಣದಂಗಡಿಯ ಕಾರ್ಡಿನಲ್ಲಿ ಕೆನೆಬಿಳಿ ಎಂಬ ಹೆಸರಲ್ಲಿ ಒಂದಿಡೀ ಸಾಲೇ ಇತ್ತು. ಒಂದೊಂದನ್ನೇ ತೋರಿಸಿದೆ. ಅಪ್ಪ ಎಡಗೈಯಲ್ಲಿ ಕಾರ್ಡು ಹಿಡಿದು ಬಿಸಿಲಿಗೆ ಚಾಚಿ ನೋಡಿ, ನನ್ನ ಮಡಿಲಿಗೆ ಎಸೆದ. ಆಮೇಲೆ ಅವ್ವನ ಕಡೆ ತಿರುಗಿ, ಅವಳ ಸೀರೆಯ ಸೆರಗನ್ನು ಹಿಡಿದು ಎಳೆದ. ಅವ್ವ ಉಟ್ಟದ್ದು ಹಳೆಯ ಗದ್ವಾಲ ಸೀರೆ, ರೇಷ್ಮೆ ಅಂಚು, ಹತ್ತಿಯ ಒಡಲು. ಅಪ್ಪ ಅಂಚನ್ನು ಬಿಟ್ಟು ಒಡಲನ್ನು ಮುಟ್ಟಿ ತೋರಿಸಿದ.

"ಕೋರಾ ಅಂತಾರ ನೋಡು" ಅಂದಳು ಅವ್ವ. "ಬಣ್ಣಾ ಅದ್ದಲಾರದ ನೂಲು. ಈ ಕಾರು ತಂದ ದಿನಾನೂ ನಿಮ್ಮಪ್ಪಾರು ಅದನ್ನ ಹೇಳಿದ್ರು, ಕೋರಾ ಬಣ್ಣದ ಕಾರು ಸಿಕ್ತು ಅಂತ."

ಉಟ್ಟು ತೊಳೆದು ಬಣ್ಣಗೆಟ್ಟ ಸೀರೆಯನ್ನು ಹಿಡಿದು ಬಣ್ಣ ಕಲೆಸಲಾದೀತೆ? ಹೊಸ ಕೋರಾ ನೂಲನ್ನೇ ತರೋಣವೆಂದು ನಾನೂ ಗಂಡನೂ ಸ್ಕೂಟರಿನಲ್ಲಿ ಗದ್ವಾಲಕ್ಕೆ ಹೊರಟೆವು. ಜುರಾಲ ಅಣೆಕಟ್ಟು ದಾಟುವಾಗ ಮೀನು ಹುರಿಯುವ ವಾಸನೆ ಬಂತು. ಚಿಕ್ಕಂದಿನಲ್ಲಿ ಆ ಜಾಗ ಬರುತ್ತಿದ್ದಂತೆ ಅಪ್ಪ ಕಾರಿನ ಗಾಜು ಏರಿಸುತ್ತಿದ್ದ. ನನ್ನ ಹೊಟ್ಟೆ ತೊಳಸುತ್ತದೆಂದು ಅಲ್ಲ, ಸೀರೆಗೆ ವಾಸನೆ ಹಿಡಿಯುತ್ತದೆಂದು. ನಾನು ಸೀರೆ ಗಂಟುಗಳ ನಡುವೆ ಬೆವರುತ್ತ ಉಸಿರು ಹಿಡಿದು ಕೂರುತ್ತಿದ್ದೆ. ಅದನ್ನು ಹೇಳಿದಾಗ ಗಂಡ, "ಈಗ ಗಾಜಿಲ್ಲ, ಮೂಗು ಮುಚ್ಚಿಕೋ" ಅಂದ.

ಅಪ್ಪ ಹೋಗುತ್ತಿದ್ದ ನೇಕಾರರ ಮನೆ ಇನ್ನೂ ಹಾಗೆಯೇ ಇತ್ತು, ಒಳಗೆ ಮಗ್ಗ ಬಡಿಯುತ್ತಿತ್ತು. ಆ ಮನೆಯ ಹಿರಿಯಳು ನನ್ನನ್ನು ನೋಡಿದವಳೇ ಕೈ ಹಿಡಿದುಕೊಂಡು, "ಅಣ್ಣಗಾರು ಎಲಾ ಉನ್ನಾರಮ್ಮಾ? ಚೇಯಿ ವಚ್ಚಿಂದಾ?" ಅಂದಳು. ಹೇಗಿದ್ದಾರೆ, ಕೈ ಬಂತೇ ಎಂದು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ಕನ್ನಡಕ್ಕೆ ತಿರುಗಿ, "ಆ ಕೈ ನಮ್ಮ ಸೀರಿ ಮ್ಯಾಲ ಇಟ್ರ ಸಾಕಿತ್ತವ್ವ, ದಾರ ಎಲ್ಲಿ ತಪ್ಪೈತಿ ಹೇಳತಿತ್ತು" ಅಂದಳು. ಕೋರಾ ನೂಲಿನ ಒಂದು ಲಡಿಯನ್ನು ಮಡಿಲಿಗೆ ಹಾಕಿದಳು. ಬಣ್ಣದಂಗಡಿಯವನ ಮುಂದೆ ನೂಲು ಇಟ್ಟು ಇದೇ ಬಣ್ಣ ಬೇಕು ಎಂದಾಗ ಅವನು ನನ್ನನ್ನೂ ನೂಲನ್ನೂ ನೋಡಿ ನಕ್ಕ. ನಕ್ಕರೂ ಕಲೆಸಿಕೊಟ್ಟ.

ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಆ ಬಣ್ಣ ಹಚ್ಚಿ ಒಣಗಿಸಿ ಅಪ್ಪನಿಗೆ ಕೊಟ್ಟೆ. ಬಿಸಿಲಿಗೆ ಹಿಡಿದ. ಹೊರಳಿಸಿದ. ಅಂಚಿನ ಮೇಲೆ ಬೆರಳು ಓಡಿಸಿದ. "ಆತು" ಅಂದ. ಅದು ಹಳೆಯ ಆತು, ವ್ಯಾಪಾರ ಮುಗಿಸುವ ಆತು. ಅವ್ವ ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದಳು.

ಹೀಗೆ ಬಾನೆಟ್ಟು, ಮಡ್‌ಗಾರ್ಡು, ಡಿಕ್ಕಿ, ಒಂದೊಂದೇ ಮುಗಿಯುತ್ತ ಬಂದವು. ಉಜ್ಜುವುದು, ತಿನ್ನರ್ ಹಾಕಿ ಒರೆಸುವುದು, ಬಸ್ ನಿಲ್ದಾಣದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಕೆಂಪು ಪ್ರೈಮರ್ ಹೊಡೆಯುವುದು. ಕೊನೆಗೆ ಉಳಿದದ್ದು ಡ್ರೈವರ್ ಬಾಗಿಲು. ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಅಪ್ಪ ಇಡೀ ಜನ್ಮ ಆ ಬಾಗಿಲ ಮೇಲೆ ಮೊಣಕೈ ಊರಿ ಕಾರು ಓಡಿಸಿದ್ದ, ಮೊಣಕೈ ಊರುವ ಜಾಗದಲ್ಲಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಬಾಗಿಲನ್ನು ಉಜ್ಜಿದೆ. ಬರಿ ತಗಡು ಹೊಳೆಯುವ ಹೊತ್ತಿಗೆ ಕಂಪ್ರೆಸರ್ ಬೇರೆಯವರ ಪಾಲಾಗಿತ್ತು. "ನಾಳಿ ಮುಂಜಾನಿ ತರತೀನಿ" ಅಂದ ಗಂಡ. ಮುಂಗಾರು ತರುವ ಮಿರಗದ ಮಳೆ ಹತ್ತಿರ ಬಂದಿತ್ತು, ಗಾಳಿ ತಣ್ಣಗಾಗಿತ್ತು, ಶಾಲೆಯೂ ಶುರುವಾಗುವುದರಲ್ಲಿತ್ತು. ತಿನ್ನರಿನಿಂದ ಒರೆಸಿ, ಅವ್ವನಿಗೆ ಮತ್ತೊಮ್ಮೆ ಕಾನೂನು ಒದರಿ, ಅಪ್ಪನನ್ನು ಕುರ್ಚಿಯಲ್ಲೇ ಗಾಳಿಗೆ ಬಿಟ್ಟು ನನ್ನ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಬಂದಾಗ ಅಪ್ಪನಿಗೆ ಇನ್ನೂ ಸ್ನಾನವಾಗಿರಲಿಲ್ಲ. ಎದ್ದ ಕೂಡಲೇ ಅಂಗಳಕ್ಕೆ ಬರುವುದು ಅವನಿಗೆ ರೂಢಿಯಾಗಿತ್ತು, ಎಂದಿನ ಕುರ್ಚಿಯಲ್ಲಿ ಕೂತಿದ್ದ. ನಾನು ನೇರ ಬಾಗಿಲ ಹತ್ತಿರ ಹೋದೆ. ಹೊಳೆಯುವ ತಗಡಿನ ನಡುವೆ ಮೂರು ಕಂದು ಗೆರೆ. ಗೆರೆಗಳ ಅಂಚಿನಲ್ಲಿ ಬಿಳಿ ಬೂದಿ ಒಣಗಿ ನಿಂತಿತ್ತು. ವಿಭೂತಿ. ಒದ್ದೆ ವಿಭೂತಿ ಎಳೆದಲ್ಲೆಲ್ಲ ರಾತ್ರಿಯೊಳಗೆ ತುಕ್ಕು ಎದ್ದಿತ್ತು.

ಯಾರ ಕೆಲಸ ಎಂದು ಕೇಳುವ ಅಗತ್ಯವೇ ಕಾಣಲಿಲ್ಲ. ಹೊಸ ಗ್ಯಾಸ್ ಸಿಲಿಂಡರು ಬಂದರೂ ಅವ್ವ ಅದಕ್ಕೆ ವಿಭೂತಿ ಎಳೆಯುತ್ತಾಳೆ. ಫ್ರಿಜ್ಜಿಗೆ ಎಳೆದಿದ್ದಾಳೆ, ನನ್ನ ನೇಮಕದ ಆದೇಶಕ್ಕೆ ಎಳೆದಿದ್ದಾಳೆ. ನನ್ನ ನಾಲಿಗೆ ನನ್ನ ಕೈಯಲ್ಲಿ ಇರಲಿಲ್ಲ.

"ಯವ್ವಾ, ಹೊರಗ ಬಾ. ಒಂದಿಡೀ ದಿನಾ ಉಜ್ಜೀನಿ. ಬೇಡ್ಕೊಂಡು ಹೇಳಿದ್ದೆ ಮುಟ್ಟಬ್ಯಾಡ್ರಿ ಅಂತ. ಯಾರದು ಈ ಕೈ? ಸೇದಿ ಹೋಗ್ಲಿ ಆ ಕೈ."

ಕೈ ಸೇದಿ ಹೋಗಲಿ. ಸೆಟೆದು ಬೀಳಲಿ ಎಂದು ಅರ್ಥ. ನಮ್ಮ ಕಡೆ ಹಾಲು ಉಕ್ಕಿಸಿದವರಿಗೂ, ಲೆಕ್ಕ ತಪ್ಪು ಮಾಡಿದ ಮಕ್ಕಳಿಗೂ ಬರುವ ಬೈಗುಳ. ಅರ್ಥ ಯಾರೂ ಯೋಚಿಸುವುದಿಲ್ಲ. ಅಪ್ಪನಿಗೆ ಹೀಗಾದ ಮೇಲೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಅಪ್ಪ ತಲೆ ತಗ್ಗಿಸಿಕೊಂಡಿದ್ದ.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಾಗಿಲು ನೋಡಿದಳು. "ನಾ ಹಚ್ಚಿಲ್ಲ" ಅಂದಳು.

"ಮತ್ಯಾರು, ಶಿವಾನ ಬಂದು ಹಚ್ಚ್ಯಾನೇನು?"

"ನಾನಾಗಿದ್ರ ಬಾನೆಟ್ಟಿಗೆ ಹಚ್ಚತಿದ್ನೆವ್ವ, ನಿಂತು. ಇಷ್ಟು ಕೆಳಗ ಯಾಕ ಹಚ್ಚಲಿ? ನಿನ್ನೆ ದೀಪದ ಹೊತ್ತಿನ್ಯಾಗ ಇವರಿಗೆ ಇಲ್ಲೇ ಕುರ್ಚಿ ಮ್ಯಾಲ ಹಚ್ಚಿ, ಬಟ್ಟಲಾ ಸ್ಟೂಲಿನ ಮ್ಯಾಲ ಇಟ್ಟು, ಹಾಲು ಇಳಸಾಕ ಒಳಗ ಹೋಗಿದ್ದೆ. ಅಷ್ಟ."

ಅಷ್ಟೇ ಎಂದವಳು ಅಲ್ಲಿಗೇ ನಿಂತಳು. ನಾನು ಮತ್ತೆ ಗೆರೆಗಳನ್ನು ನೋಡಿದೆ. ಈ ಸಲ ಸಿಟ್ಟಿಲ್ಲದೆ ನೋಡಿದೆ. ಅವ್ವ ಎಳೆದ ಗೆರೆ ಸ್ಕೇಲು ಇಟ್ಟ ಹಾಗೆ ಇರುತ್ತದೆ. ಇವು ಒಂದು ಕಡೆ ದಪ್ಪ ಶುರುವಾಗಿ, ನಡುವೆ ನಡುಗಿ, ಕೊನೆಗೆ ಕೆಳಕ್ಕೆ ಜಾರಿದ್ದವು. ಮೂರನೆಯದು ಅರ್ಧಕ್ಕೇ ಮಾಸಿತ್ತು. ಗೆರೆಗಳು ಇದ್ದದ್ದು ಕುರ್ಚಿಯಲ್ಲಿ ಕೂತವನ ಮೊಣಕೈ ಮಟ್ಟಕ್ಕೆ.

ಎಡಗೈ ಇರಬಹುದು ಎಂದು ನಾನು ಒಂದು ಗಳಿಗೆಯೂ ಅಂದುಕೊಳ್ಳಲಿಲ್ಲ. ಎಡಗೈಯಲ್ಲಿ ಅಪ್ಪ ವಿಭೂತಿ ಮುಟ್ಟುವವನಲ್ಲ. ಆದರೂ ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ತೊಡೆಯ ಮೇಲಿದ್ದ ಬಲಗೈಯನ್ನು ತಿರುಗಿಸಿ ನೋಡಿದೆ. ನಡುವಿನ ಮೂರು ಬೆರಳಿನ ಉಗುರ ಸಂದಿಯಲ್ಲಿ ಬಿಳಿ ಬೂದಿ ಇತ್ತು.

"ಯಪ್ಪಾ" ಅಂದೆ. ಒಂದೇ ಮಾತು ಉಳಿದವನ ಮುಂದೆ ಒಂದೂ ಉಳಿಯದವಳಾಗಿ ಕೂತಿದ್ದೆ.

ಯಾವಾಗಿನಿಂದ ಆ ಕೈ ಎದ್ದಿತ್ತೋ ಗೊತ್ತಿಲ್ಲ. ನಾವು ಯಾರೂ ನೋಡದಾಗ ತೊಡೆಯಿಂದ ಕುರ್ಚಿಯ ಕೈಗೆ, ಕುರ್ಚಿಯಿಂದ ಬಾಗಿಲಿಗೆ, ಇಷ್ಟಿಷ್ಟೇ ಎತ್ತಿ ನೋಡಿರಬೇಕು. ಬಿದ್ದರೆ ಯಾರೂ ನೋಡಬಾರದು ಎಂಬುದು ಅವನ ಹಠ. ತನ್ನ ಹಣೆಗೆ ಯಾಕೆ ಹಚ್ಚಿಕೊಳ್ಳಲಿಲ್ಲ ಎಂದು ಅವ್ವ ಆಮೇಲೆ ಕೇಳಿದಳು. ನನಗೆ ಅಲ್ಲಿ ಕೂತಾಗಲೇ ತಿಳಿದಿತ್ತು. ಹಣೆ ದೂರ, ಬಾಗಿಲು ಹತ್ತಿರ. ಹಚ್ಚಿದ ಮೇಲೆ ಬೆಳಿಗ್ಗೆ ನಾನು ಬಂದು ಕಾಣಲಿ ಎಂದೇ ಕಾದು ಕೂತಿದ್ದನೋ ಏನೋ. ನಾನು ಬಂದು ಆ ಕೈ ಸೇದಿ ಹೋಗಲಿ ಅಂದೆ.

"ಯವ್ವಾ, ಬಟ್ಟಲಾ ತಾ" ಅಂದೆ.

ಅವ್ವ ಕೈ ತೊಳೆದುಕೊಂಡು ವಿಭೂತಿ ತೇದು ತಂದು ಸ್ಟೂಲಿನ ಮೇಲಿಟ್ಟಳು. ನಾನು ಕುರ್ಚಿಗೂ ಬಾಗಿಲಿಗೂ ನಡುವೆ ನೆಲಕ್ಕೆ ಕೂತೆ. ನನ್ನ ಹಣೆ ಸರಿಯಾಗಿ ಆ ಗೆರೆಗಳ ಮಟ್ಟಕ್ಕೆ ಬಂತು. "ಹಚ್ಚಪಾ, ಸಾಲೀಗೆ ಹೊತ್ತಾತು" ಅಂದೆ. ಚಿಕ್ಕಂದಿನಲ್ಲಿ ದಿನಾ ಹೇಳುತ್ತಿದ್ದ ಮಾತು ಅದು.

ಅಪ್ಪ ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಬಲಭುಜ ಮೊದಲು ಅಲುಗಿತು. ತೋಳು ತೊಡೆಯಿಂದ ಜರುಗಿ ಸ್ಟೂಲಿನ ಮೇಲೆ ಬಿತ್ತು, ಬಟ್ಟಲು ಅರ್ಧ ಚೆಲ್ಲಿತು. ಅವ್ವ ಎತ್ತಲು ಹೋದಳು, ನಾನು ಕಣ್ಣಲ್ಲೇ ತಡೆದೆ. ಬೆರಳು ನೀರಲ್ಲಿ ಮುಳುಗಿದವು. ಕೈ ಎದ್ದಿತು, ನಡುದಾರಿಯಲ್ಲಿ ನಿಂತಿತು, ನಡುಗಿತು. ಅಪ್ಪ ಹಲ್ಲು ಕಚ್ಚಿ ಉಸಿರು ಹಿಡಿದಿದ್ದ. ನಾನೂ ಹಿಡಿದಿದ್ದೆ. ಆಮೇಲೆ ನನ್ನ ಹಣೆಗೆ ತಣ್ಣಗೆ ಮೂರು ಬೆರಳು ತಗುಲಿದವು. ಹುಬ್ಬಿನ ಮೇಲೆ ಶುರುವಾಗಿ, ಕುಂಕುಮವನ್ನು ಒರೆಸಿಕೊಂಡು, ಕಿವಿಯ ಕಡೆ ಜಾರಿ ಹೋದವು. ನೀರು ಇಳಿದು ಕಣ್ಣಿಗೆ ಬಂತು. ಅದು ವಿಭೂತಿಯ ನೀರೋ ಬೇರೆಯದೋ ನಾನು ಲೆಕ್ಕ ಇಡಲಿಲ್ಲ.

"ಆತು" ಅಂದ ಅಪ್ಪ.

ಅಷ್ಟರಲ್ಲಿ ನನ್ನ ಗಂಡ ಕಂಪ್ರೆಸರನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಗೇಟಿನೊಳಗೆ ಬಂದ. ಬಾಗಿಲ ಮೇಲಿನ ತುಕ್ಕು ಮೊದಲು ಕಂಡಿತು ಅವನಿಗೆ. "ಟೀಚರಮ್ಮಾ, ಏನಿದು? ಇದರ ಮ್ಯಾಲ ಪ್ರೈಮರ್ ಹೊಡದ್ರ ನಿಲ್ಲಂಗಿಲ್ಲ. ಮತ್ತ ಉಜ್ಜಬೇಕಾಗ್ತೈತಿ" ಅಂದ.

"ಉಜ್ಜತೀನಿ. ಇವತ್ತ ಬ್ಯಾಡ" ಅಂದೆ.

ದನಿ ಬೇರೆಯಾಗಿತ್ತೇನೋ, ಹತ್ತಿರ ಬಂದು ನನ್ನ ಮುಖ ನೋಡಿದ. ಹಣೆಯ ಮೇಲಿನ ಸೊಟ್ಟ ಗೆರೆ ನೋಡಿದ, ಬಾಗಿಲ ಮೇಲಿನ ಸೊಟ್ಟ ಗೆರೆ ನೋಡಿದ, ಕೊನೆಗೆ ಅಪ್ಪನ ಬೆರಳಿಂದ ತೊಟ್ಟಿಕ್ಕುವ ನೀರನ್ನು ನೋಡಿದ. ಕಂಪ್ರೆಸರಿನ ವಯರನ್ನು ಸುತ್ತಿ ಪಕ್ಕಕ್ಕಿಟ್ಟ. ನನ್ನನ್ನು ಒಂದು ಕಡೆ ಸರಿಯಲು ಹೇಳಿ, ಪ್ಯಾಂಟು ಮಣ್ಣಾಗುತ್ತದೆ ಎಂಬ ಯೋಚನೆಯೂ ಇಲ್ಲದೆ ನನ್ನ ಜಾಗದಲ್ಲಿ ಕೂತು ಹಣೆ ಮುಂದೆ ಚಾಚಿದ.

"ಮಾವಾರ, ನನಗೂ" ಅಂದ.

ಅಪ್ಪ ಮತ್ತೆ ಬೆರಳು ಅದ್ದಿದ.